ಅತ್ತಿಗೆಯ ಜಾವಾ ರಿಪೇರಿ

ನನಗೆ ಬಂದ ಮೊದಲ ಸಂಬಂಧವನ್ನು ತಪ್ಪಿಸಿದ ಹೆಗ್ಗಳಿಕೆಯಲ್ಲಿ ಅರ್ಧ ಜಾವಾ ಎಂಬ ಕಂಪ್ಯೂಟರ್ ಭಾಷೆಗೆ ಸಲ್ಲಬೇಕು. ಉಳಿದರ್ಧ ನಮ್ಮ ಅತ್ತಿಗೆಗೆ!

ಸಂಖ ಊರಿನ ನಮ್ಮ ಮನೆಗೆ ಸೊಸೆಯಾಗಿ ಬಂದ ಅತ್ತಿಗೆ ಹತ್ತಿರದ ಜತ್ತದಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಉಳಿದ ಹೊತ್ತೆಲ್ಲ ಜಾವಾದ ಒಂದು ಫ್ರೇಮ್‌ವರ್ಕಿನ ರಿಪೇರಿ. ಬೇರೆಯವರು ತಮ್ಮ ಪ್ರೋಗ್ರಾಂ ಕಟ್ಟಿಕೊಳ್ಳಲು ಬಳಸುವ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ತಂತ್ರಾಂಶವಂತೆ.

"ಅದು ಯಾರದವಾ?" ಅವ್ವ ಕೇಳಿದಳು.

"ಯಾರದೂ ಅಲ್ರಿ ಅತ್ತಿ, ಎಲ್ಲಾರದೂ."

"ಗಾಂವಠಾಣ ಜಾಗಾ ಅನ್ನು! ಊರ ಜಾಗಾ ನೀ ಒಬ್ಬಾಕಿನ ಯಾಕ ಕಸಾ ಹೊಡಿತಿ?"

ರೋಗ ಇಷ್ಟೇ. ಕೋಡ್ ಬರೆಯುವವರು 'ಇದು ಖಾಲಿ ಇರಕೂಡದು' ಎಂಬಂಥ ಗುರುತು ಹಚ್ಚುತ್ತಾರೆ. ಅದಕ್ಕೆ ಆನೋಟೇಶನ್ ಎಂದು ಹೆಸರು. ಫ್ರೇಮ್‌ವರ್ಕ್ ಅದನ್ನು ಓದಿ ಪಾಲಿಸಬೇಕು. ಇದೋ, ಕೆಲವು ಗುರುತುಗಳನ್ನು ಕಂಡೂ ಕಾಣದಂತೆ ದಾಟಿಹೋಗುತ್ತಿತ್ತು, ನಮ್ಮಣ್ಣ ಅತ್ತಿಗೆಯ ಮಾತು ದಾಟಿಹೋಗುವ ಹಾಗೆ! ಅಣ್ಣನ ರಿಪೇರಿ ಆಗದ್ದೆಂದು ಕೈಬಿಟ್ಟೇ ಅವರು ಇದನ್ನು ಹಿಡಿದಿರಬೇಕು.

ಕುಣಿಕೋಣೂರಿನಿಂದ ಹೆಣ್ಣಿನವರು ನನ್ನನ್ನು ನೋಡಲು ಬಂದ ದಿನವೇ ಅತ್ತಿಗೆ ಕಳಿಸಿದ್ದ ತಿದ್ದುಪಡಿ ಅಲ್ಲಿನ ಪರೀಕ್ಷೆಯಲ್ಲಿ ಫೇಲಾಗಿ ವಾಪಸು ಬರಬೇಕೆ? ಚಹಾದ ತಟ್ಟೆ ನನ್ನ ಕೈಗಿತ್ತು, ಅದನ್ನು ಸರಿಮಾಡಿ ಮತ್ತೆ ಕಳಿಸಲು ಲ್ಯಾಪ್‌ಟಾಪ್ ಹಿಡಿದು ಕೂತರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ದೇವರ ದಯೆ. ಹೆಣ್ಣಿನ ತಂದೆಯತ್ತ ತಿರುಗಿ, "ಮಾಮಾ, ನಿಮ್ಮ ಫೋನಿಗೆ ರೇಂಜ್ ಅದ ಏನ್ರಿ? ಜರಾ ಹಾಟ್‌ಸ್ಪಾಟ್ ಹಚ್ರಿ" ಎಂದರು. ಪಾಪ, ಹಚ್ಚಿದರು. ನನ್ನ ಉದ್ಯೋಗ ಏನೆಂದು ಯಾರೂ ಕೇಳಲಿಲ್ಲ. ಚಹಾ ಹಂಚುವುದೇ ಇರಬೇಕೆಂದುಕೊಂಡರೋ ಏನೋ!

"ನಾವಿನ್ನ ಬರ್ತೀವ್ರಿ" ಎಂದು ಅವರು ಎದ್ದರು.

"ಇನ್ನೊಂದೀಟು ಕುಂದ್ರಿ ಮಾಮಾ, ಅರ್ಧಾ ಹೋಗೇದ!"

ಕೂತರು. ತಿದ್ದುಪಡಿ ಪೂರ್ತಿ ಹೋಯಿತು. ಬೆನ್ನಿಗೇ ಸಂಬಂಧವೂ ಹೋಯಿತು!

ಅವ್ವ ಅತ್ತಿಗೆಯೊಡನೆ ಮಾತು ಬಿಟ್ಟಳು. ಮುಂದೆ ಆ ತಿದ್ದುಪಡಿ ಸ್ವೀಕಾರವಾದಾಗ ಅತ್ತಿಗೆ ಒಬ್ಬರೇ ನಕ್ಕರು, ಒಬ್ಬರೇ ಸಕ್ಕರೆ ತಿಂದರು. ಆಮೇಲೊಂದು ಮಧ್ಯಾಹ್ನ ಯಾವುದೋ ದೇಶದವನ ಸಂದೇಶ ಬಂತು. ಇದೇ ತೊಡಕಿನಿಂದ ತನ್ನ ಕೆಲಸ ನಿಂತಿತ್ತು, ಬೆಳಗಿನಿಂದ ಕೂತಲ್ಲಿಂದ ಎದ್ದಿರಲಿಲ್ಲ, ನೀವು ಬದುಕಿಸಿದಿರಿ ಎಂದು. ಅತ್ತಿಗೆ ನನಗದನ್ನು ಕನ್ನಡದಲ್ಲಿ ಹೇಳುತ್ತಿದ್ದರೆ ಅವ್ವ ಒಳಗಿನಿಂದಲೇ ಮೌನ ಮುರಿದಳು.

"ಮುಂಜಾನಿಂದ? ಉಂಡಾನೇನು ಕೇಳು."

"ಅಲ್ಲಿ ಹಂಗೆಲ್ಲಾ ಕೇಳಂಗಿಲ್ರಿ ಅತ್ತಿ."

"ಯಾಕ, ಅವಗ ಹೊಟ್ಟಿ ಇಲ್ಲೇನು?"

ಅತ್ತಿಗೆ ಕೇಳಿದರು. ತುಸು ಹೊತ್ತಿಗೆ ಬಂದ ಉತ್ತರವನ್ನು ಅವ್ವನಿಗೆ ಓದಿ ಹೇಳಿದರು: 'ಇನ್ನೂ ಇಲ್ಲ. ತಾಯಿ ಹೋದ ಮೇಲೆ ಯಾರೂ ಹೀಗೆ ಕೇಳಿರಲಿಲ್ಲ.'

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದಳು. ಸೊಸೆಯ ಮಗ್ಗುಲಿಗೆ ಮಣೆ ಎಳೆದು ಕೂತಳು.

"ಉಂಡ ಮ್ಯಾಲ ಹೇಳು ಅಂತ ಬರಿ. ಅಲ್ಲೀತನಾ ನಾ ಇಲ್ಲೇ ಕುಂತಿರ್ತೀನಿ."