ಹದಿನೇಳು ನಿಮಿಷ ಮೊದಲೇ ಬಿದ್ದ ಅಕ್ಷತೆ

ಇಂದ:
ಚಲಪತಿ ಎನ್., ವಯಸ್ಸು 28,
ಸಹಾಯಕ ಕಂಡಕ್ಟರ್, ನಲವತ್ತೆರಡು ವಾದಕರ ಆರ್ಕೆಸ್ಟ್ರಾ, ಬೆಂಗಳೂರು.
ಸ್ವಂತ ಊರು: ನಂದಗುಡಿ, ಹೊಸಕೋಟೆ ತಾಲ್ಲೂಕು.

ಗೆ:
ಶ್ರೀ ಆದಿನಾರಾಯಣಪ್ಪನವರು,
ನನ್ನ ದೊಡ್ಡಪ್ಪ ಹಾಗೂ ನಮ್ಮ ಮನೆತನದ ಮದುವೆಗಳಲ್ಲಿ ಗಟ್ಟಿಮೇಳಕ್ಕೆ ಬೆರಳೆತ್ತುವ ಏಕೈಕ ಪ್ರಾಧಿಕಾರ.

ವಿಷಯ: ತಂಗಿ ಪ್ರಿಯಾಂಕಳ ಧಾರೆಯ ವೇಳೆ ನನ್ನನ್ನು ಊಟದ ಹಾಲ್‌ಗೆ ಅಟ್ಟದೆ, ಮಂಟಪದ ಎದುರು ಕೂರಲು ಬಿಡುವ ಬಗ್ಗೆ.

ಉಲ್ಲೇಖ: ಕಳೆದ ಭಾನುವಾರ ಕಾಫಿ ಕುಡಿಯುತ್ತಾ ತಾವು ಹೊರಡಿಸಿದ ಮೌಖಿಕ ಆದೇಶ: “ಮುಹೂರ್ತ ಮುಗಿಯೋವರ್ಗೂ ಇವ್ನ ಕೈ ಯಾರ ಕಣ್ಗೂ ಬೀಳ್ಬಾರ್ದು.”

ಮಾನ್ಯರೇ,

ಕೈ ಆಗಲೇ ಮೇಲೆ ಹೋಗಿತ್ತು. ಇಳಿಸುವಷ್ಟರಲ್ಲಿ ಡೋಲು ಸಿಡಿಯಿತು, ಮುನ್ನೂರು ಜನ ಅಕ್ಷತೆ ಎಸೆದರು, ಕಳೆದ ತಿಂಗಳ ಆ ಮದುವೆಯ ವರ, ತಮ್ಮ ಪುತ್ರ ಅನಿಲ್‌ಕುಮಾರ್, ಮೂರು ಗಂಟೂ ಹಾಕಿಬಿಟ್ಟ. ಹಿರಿಯರೆಲ್ಲ ಮುಟ್ಟಿ ಹರಸಿದ ತಾಳಿ ಆಗಷ್ಟೇ ಅವನ ಕೈಗೆ ಬಂದಿತ್ತು. ಮುಹೂರ್ತಕ್ಕೆ ಇನ್ನೂ ಹದಿನೇಳು ನಿಮಿಷವಿತ್ತು. ಪುರೋಹಿತರು ತೆಂಗಿನಕಾಯಿಗೆ ದಾರ ಸುತ್ತುತ್ತಿದ್ದರು. ತಾವು ಗೇಟಿನಲ್ಲಿ ಶಾಸಕರ ಕಡೆಯವರಿಗೆ ಕಾಯುತ್ತಿದ್ದಿರಿ.

ಈ ಘಟನೆಗೆ ಕಾರಣವಾದ ನನ್ನ ವೃತ್ತಿಜೀವನವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ಏಳನೇ ವಯಸ್ಸಿನಲ್ಲಿ, ತಾಳ ತಪ್ಪಿದ ಹಿರಿಯರತ್ತ ಕಣ್ಣು ಬಿಟ್ಟ ಕಾರಣ ಶನಿವಾರದ ಭಜನೆಯಿಂದ ವಜಾ.

2. ಹೈಸ್ಕೂಲಿನಲ್ಲಿ ಬ್ಯಾಂಡ್‌ನ ಮುಂದೆ ಕೋಲು ಹಿಡಿದು ನಡೆಯುವ ಹುದ್ದೆ. ಸ್ವಾತಂತ್ರ್ಯ ದಿನದಂದು ಬ್ಯಾಂಡ್ ಸರ್ಕಲ್‌ನಲ್ಲೇ ಎಡಕ್ಕೆ ತಿರುಗಿತು. ನಾನೊಬ್ಬನೇ ಬಸ್ ಸ್ಟ್ಯಾಂಡ್ ತಲುಪಿದೆ. ಆದಕಾರಣ, ಕೋಲು ಹಿಡಿದವನು ವಾದಕರ ಕಡೆ ಮುಖ ಮಾಡಿರಬೇಕೆಂಬ ಅರಿವು ಅಂದೇ ಮೂಡಿತು.

3. ಬೆಂಗಳೂರಿನಲ್ಲಿ ಆರು ವರ್ಷ ಪಿಟೀಲು. ಕೊನೆಯ ಸಾಲು. ಒಂದು ದಿನ ಕಂಡಕ್ಟರಿಗೆ ಬೆನ್ನುನೋವು ಬಂದ ಕಾರಣ ಎದ್ದು ನಿಂತು ಕೈ ಆಡಿಸಿದೆ, ಆದ್ದರಿಂದ ಸಹಾಯಕ. ಡಿಸೆಂಬರ್‌ನಿಂದ ಪೂರ್ಣ ಕಂಡಕ್ಟರ್ ಆಗುವ ಸೂಚನೆಯಿದೆ. ಈ ಸುದ್ದಿ ತಿಳಿಸಿದಾಗ ಅಜ್ಜಿ ಅಮ್ಮಯಮ್ಮನವರು, “ನೀನ್ ಊದಲ್ಲ, ಬಾರ್ಸಲ್ಲ, ಹಾಡಲ್ಲ. ಮತ್ತೆ ನಿಂಗ್ಯಾಕಪ್ಪಾ ಚಪ್ಪಾಳೆ?” ಎಂದು ಕೇಳಿದ್ದಾರೆ. ಉತ್ತರ ಬಾಕಿ ಇದೆ.

4. ಘಟನೆಯ ದಿನ ವಾಲಗದ ಎರಡನೇ ನಾದಸ್ವರವು ಪಿಳ್ಳಣ್ಣನವರ ಡೋಲಿಗಿಂತ ಅರ್ಧ ಏಟು ಹಿಂದೆ ಬೀಳುತ್ತಿತ್ತು. ಹತ್ತು ನಿಮಿಷ ಸಹಿಸಿದೆ. ನಂತರ ನನ್ನ ಬಲಗೈ ನನ್ನ ಅನುಮತಿ ಪಡೆಯದೆ, ತೋರುಬೆರಳಿನ ಸಮೇತ ಮೇಲೆದ್ದಿತು. ಮದುವೆ ಹಾಲ್‌ನಲ್ಲಿ ಎತ್ತಿದ ಬೆರಳಿಗೆ ಒಂದೇ ಅರ್ಥ, ಸೀನು ಕೆಮ್ಮು ಯಾವುದೂ ಕೇಳದಂತೆ ಜೋರಾಗಿ ಬಾರಿಸಿ ಎಂಬುದನ್ನು ಆ ಕ್ಷಣ ಮರೆತಿದ್ದೆ.

5. ದಂಪತಿ ಚೆನ್ನಾಗಿದ್ದಾರೆ. ಅತ್ತಿಗೆಯವರನ್ನು ವಿಚಾರಿಸಲಾಗಿ, “ಹದಿನೇಳ್ ನಿಮಿಷ ಹೋಮದ್ ಹೊಗೆ ಕಮ್ಮಿ ಕುಡುದ್ವಿ ಬಿಡಿ” ಎಂದಿರುತ್ತಾರೆ.

6. ಊಟದ ಹಾಲ್‌ನ ಟಿ.ವಿ.ಯಲ್ಲೂ ಧಾರೆ ಕಾಣುತ್ತದೆಂಬ ತಮ್ಮ ಸಲಹೆಯನ್ನು ಗಮನಿಸಿದ್ದೇನೆ. ಆದರೆ ನನಗಿರುವುದು ಒಬ್ಬಳೇ ತಂಗಿ. ಭಯವಾದಾಗ ಅವಳು ಮೊದಲು ನನ್ನ ಮುಖ ಹುಡುಕುತ್ತಾಳೆ. ಅವಳಿಗೆ ಟಿ.ವಿ.ಯೊಳಗಿಂದ ನಾನು ಕಾಣುವುದಿಲ್ಲ.

ಆದ್ದರಿಂದ, ಮುಹೂರ್ತ ಮುಗಿಯುವವರೆಗೆ ಎರಡೂ ಅಂಗೈಗಳ ಮೇಲೆ ಕುಳಿತಿರಲು ಬದ್ಧನಾಗಿದ್ದು, ಮೊದಲ ಸಾಲಿನಲ್ಲಿ ಒಂದು ಕುರ್ಚಿ, ಸಾಧ್ಯವಾದರೆ ಕೈಗಳಿಲ್ಲದ ಕುರ್ಚಿ, ಮಂಜೂರು ಮಾಡಬೇಕಾಗಿ ಕೋರುತ್ತೇನೆ.

ಕೈಕಟ್ಟಿ ನಿಂತಿರುವ ತಮ್ಮ ವಿಶ್ವಾಸಿ,
ಚಲಪತಿ

ಅಡಕಗಳು:

ಅ) ಅನಿಲ್‌ಕುಮಾರ್ ದಂಪತಿ ನಗುತ್ತಿರುವ ಫೋಟೊ, ಒಂದು.

ಆ) ಕಂಡಕ್ಟರ್ ಕೆಲಸವೇನೆಂದು ವಿವರಿಸುವ ಆರ್ಕೆಸ್ಟ್ರಾದವರ ಪತ್ರ. ಇಂಗ್ಲಿಷಿನಲ್ಲಿದೆ, ಅಜ್ಜಿಗೆ ಓದಿ ಹೇಳಲಾಗಿದೆ, ಒಪ್ಪಿಲ್ಲ.

ಇ) ಡೋಲಿನ ಪಿಳ್ಳಣ್ಣನವರ ಹೇಳಿಕೆ. ನನ್ನನ್ನು ಊಟದ ಹಾಲ್‌ಗೆ ಕಳಿಸಿದರೂ ಸಾಲದೆಂದು, ತಾವು ನಿನ್ನೆ ಅವರಿಗೆ ಪರದೆ ಹಿಂದೆ, ಫ್ಯಾನಿನ ಕೆಳಗೆ ಮೆತ್ತನೆಯ ಆಸನ ಹಾಕಿಸುವುದಾಗಿಯೂ, ಗಟ್ಟಿಮೇಳಕ್ಕೆ ಮಿಸ್ಡ್ ಕಾಲ್ ಕೊಡುವುದಾಗಿಯೂ ಹೇಳಿ ಕಳಿಸಿದ್ದಿರಿ. ಅದಕ್ಕೆ ಅವರ ಉತ್ತರ, ಯಥಾವತ್ತಾಗಿ:

“ಯಜಮಾನ್ರೇ, ಮೂವತ್ತು ವರ್ಷ್ದಿಂದ ನಿಮ್ ಬೆರಳು ನೋಡ್ಕೊಂಡೇ ಬಾರ್ಸಿವ್ನಿ. ನೀವು ವಾಚ್ ನೋಡಿ ಎತ್ತೀರ. ಆವತ್ತು ಅವ್ನು ನನ್ ಡೋಲು ಕೇಳಿಸ್ಕೊಂಡು ಎತ್ದ. ಅಷ್ಟ್ ಜನದಾಗೆ ಅವ್ನೊಬ್ನೇ ಕೇಳ್ತಾ ಕೂತಿದ್ದ. ಅವ್ನು ನನ್ ಎದುರ್ಗೇ ಕೂರ್ಲಿ. ಫ್ಯಾನೂ ಬ್ಯಾಡ, ಮೆತ್ತೆನೂ ಬ್ಯಾಡ. ಪರದೆ ಹಿಂದ್ಕೆ ನಾನ್ ಹೋಗಲ್ಲ.”