ಬೀಗರ ಊಟಕ್ಕೆ ಆರು ಕೇಜಿ ನವಣೆ

ಇಪ್ಪತ್ತೆರಡು ವರ್ಷದಿಂದ ಹಿಂದೂಪುರದ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದೇನೆ. ಯಾವ ಮಣ್ಣಿಗೆ ಯಾವ ಬೆಳೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ! ಹೀಗಾಗಿ ಮಗಳು ಕಾವ್ಯಳನ್ನು ಮೆಚ್ಚಿದ ಕಲ್ಯಾಣದುರ್ಗದ ಬೀಗರು ತಾಂಬೂಲ ಬದಲಾಯಿಸಲು ಬರುತ್ತಾರೆಂದ ಕೂಡಲೇ ಊಟದ ಹೊಣೆಯನ್ನು ನಾನೇ ಹೊತ್ತೆ.

“ಪನೀರು, ಗೋಬಿ ಏನೂ ಬ್ಯಾಡ. ನೆಲದ ಊಟ! ನಮ್ಮ ಪರಿಗಿ ಸೀಮೆ ರಾಗಿ, ಅವರ ಕಲ್ಯಾಣದುರ್ಗದ ನವಣೆ. ಎರಡು ಸೀಮೆ ಒಂದೇ ಎಲೇಲಿ!” ಎಂದು ಮನೆಯೊಳಗೆ ಅತ್ತಿಂದಿತ್ತ ತಿರುಗುತ್ತಾ ಘೋಷಿಸಿದೆ.

“ಮೊದ್ಲು ಒಂದ್ ಕಡೆ ಕೂತ್ಕಳ್ರಿ, ನೋಡಿ ನೋಡಿ ನಂಗೆ ತಲೆ ತಿರುಗ್ತೈತೆ,” ಅಂದಳು ಹೆಂಡತಿ ಸರೋಜ.

ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಮರುದಿನವೇ ಕಲ್ಯಾಣದುರ್ಗದ ಬಸ್ ಹತ್ತಿದೆ. ಅಲ್ಲಿನ ಅಂಗಡಿಯೊಂದರಲ್ಲಿ ಚಿನ್ನದ ಬಣ್ಣದ ನವಣೆ ಕಂಡಿತು.

“ಎಷ್ಟು ಎಕರೆ ಸಾರ್?” ಅಂದ ಅಂಗಡಿಯವನು.

ನನ್ನ ಅಂತಸ್ತು ವಿಚಾರಿಸುತ್ತಿದ್ದಾನೆಂದು ತಿಳಿದು, “ಎರಡು,” ಎಂದೆ ಗತ್ತಿನಿಂದ.

“ಹಂಗಾದ್ರೆ ಆರು ಕೇಜಿ ಸಾಕು. ಔಷಧಿ ಹಚ್ಚಿಲ್ಲ, ನೀವೇ ಹಚ್ಕಬೇಕು.”

ಔಷಧಿಯಿಲ್ಲದ ನವಣೆ! “ಹಚ್ಚೋದೇ ಇಲ್ಲ ಬಿಡಪ್ಪ,” ಎಂದು ಅವನ ಬೆನ್ನು ತಟ್ಟಿ ಬಂದೆ. ಎಷ್ಟು ಜನಕ್ಕೆ ಊಟ ಎಂದು ನಾನು ಹೇಳದಿದ್ದರೂ ಅವನು ಹೇಗೆ ಅಂದಾಜು ಮಾಡಿದ ಎಂದು ದಾರಿಯುದ್ದಕ್ಕೂ ಆಶ್ಚರ್ಯಪಟ್ಟೆ.

ಬೀಗರು ಬರುವ ದಿನ ಸರೋಜ ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡಿದಳು.

“ರೀ, ಇದ್ರ ಹೊಟ್ಟು ಹೋಗಿಲ್ಲ ಕಣ್ರೀ. ಮಿಲ್ಲಿಗೆ ಹಾಕಿಸ್ಕಂಡು ಬರ್ರಿ.”

“ಅದು ನಾರಿನಂಶ! ಆರೋಗ್ಯ!”

ಮೂರು ಕೇಜಿಯನ್ನು ನಾನೇ ಒಲೆಗೇರಿಸಿದೆ. ಒಂದು ಗಂಟೆ ಬೇಯಿತು. ಎರಡು ಗಂಟೆ ಬೇಯಿತು. ಜಪ್ಪಯ್ಯ ಅಂದರೂ ಮೆತ್ತಗಾಗಲಿಲ್ಲ! ಬಾಗಿಲಿಗೂ ಒಲೆಗೂ ನಾನು ಓಡಾಡುತ್ತಿದ್ದಾಗಲೇ ಬೀಗರ ವ್ಯಾನು ಬಂದು ನಿಂತಿತು.

ಎಲೆಯ ಮೇಲೆ ಮೊದಲ ಗೌರವ ನವಣೆಗೆ. ಎಲ್ಲರೂ ಅಗಿದರು. ಅಗಿಯುತ್ತಲೇ ಇದ್ದರು. ಪಾಪ, ಹುಡುಗ ಮರ್ಯಾದೆಗೆ ಹಾಗೇ ನುಂಗಿ ಮೂರು ಲೋಟ ನೀರು ಕುಡಿದ. ಅವನ ಅಜ್ಜಿ ಮಾತ್ರ ಬಾಯಿಂದ ಒಂದು ಕಾಳು ತೆಗೆದು ಬೆಳಕಿಗೆ ಹಿಡಿದರು.

“ಅಯ್ಯೋ ದೇವುಡಾ! ಇದು ಬಿತ್ತನೆ ಕಾಳು ಕಣಪ್ಪ! ಉಂಡೋರ ಹೊಟ್ಟೇಲಿ ಮೊಳಕೆ ಬಂದ್ಬುಡ್ತೈತೆ!”

ಬಾಗಿಲ ಹಿಂದೆ ಕಾವ್ಯ ಮುಖ ಮುಚ್ಚಿಕೊಂಡಳು. ತಾಂಬೂಲದ ತಟ್ಟೆ ಮುಟ್ಟದೆ ಎದ್ದು ಹೋದರೆ? ಹೊಟ್ಟಿನಿಂದಾಗಿ ಮಗಳ ಮದುವೆ ಮುರಿಯುತ್ತದಲ್ಲಪ್ಪ ಎಂದು ಓಡಿಹೋಗಿ ಅಜ್ಜಿಯ ಎದುರು ಕೈಮುಗಿದು ನಿಂತೆ.

“ತಪ್ಪಾಯ್ತು ಕಣಮ್ಮ. ನಾನು ನವಣೇನ ನಕ್ಷೇಲಿ ಮಾತ್ರ ನೋಡಿದ್ದು,” ಎಂದೆ.

ಅಜ್ಜಿ ನಕ್ಕುಬಿಟ್ಟರು. “ನಮ್ಮೂರಾಗೇ ಈಗ ನವಣೆ ಯಾರಪ್ಪ ಬಿತ್ತಾರೆ? ಬೆಳೆಯೋದು ಕಡ್ಲೇಕಾಯಿ, ಉಣ್ಣೋದು ರೇಷನ್ ಅಕ್ಕಿ. ನೀನು ಹುಡ್ಕಂಡು ಬಂದಿದ್ಯಲ್ಲ! ಬೇಯಿಸ್ದೆ ಮಿಕ್ಕಿದ್ದು ಕೊಡು, ಬಿತ್ಕಂತೀವಿ.”

ಅಷ್ಟರಲ್ಲಿ ಸರೋಜ ಪಕ್ಕದ ಮನೆಯಲ್ಲಿ ಗುಟ್ಟಾಗಿ ಮಾಡಿಟ್ಟಿದ್ದ ಮುದ್ದೆ, ಅವರೆಕಾಳು ಸಾರು, ಹೋಳಿಗೆ ತಂದು ಬಡಿಸಿದಳು. ಎಲೆಗಳು ಖಾಲಿಯಾದವು. ಅಜ್ಜಿ ತಾಂಬೂಲಕ್ಕೆ ಕೈಚಾಚಿದವರು ತಟ್ಟನೆ ನಿಲ್ಲಿಸಿದರು.

“ಒಂದ್ ಮಾತು. ಮದ್ವೆ ದಿನ ಈಯಪ್ಪ ಅಡ್ಗೆಮನೆ ಕಡೆ ತಲೆ ಹಾಕಂಗಿಲ್ಲ. ಒಪ್ಪಿಗೇನಾ?”

ಹಿರಿಯರು ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಮಗಳ ದನಿ ಬಂತು: “ಒಪ್ಪಿಗೆ ಅಜ್ಜಿ!”

ತಾಂಬೂಲದ ಹೊತ್ತಿಗೆ ಮದುಮಗಳು ತಲೆ ತಗ್ಗಿಸಬೇಕು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಕೆಲಸವನ್ನೂ ನಾನೇ ಮಾಡಿದೆ.