ಮಾವನವರ ಆಕ್ಸಿಟೋಸಿನ್

ನಮ್ಮ ಮಾವನವರ ಪ್ರಕಾರ ಈ ಲೋಕದಲ್ಲಿ ತಾಯಿಪ್ರೀತಿ ಎಂಬುದೇ ಇಲ್ಲ! ಇರುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು ಮಾತ್ರ. ಮಾಗಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಾನು ಮಗನನ್ನು ಎದೆಗೊತ್ತಿಕೊಂಡರೆ ಸಾಕು, ಪೇಪರಿನ ಹಿಂದಿನಿಂದ ದನಿ ಬರುತ್ತದೆ: "ಬಿಡುಗಡೆ ಆಯ್ತು ನೋಡಮ್ಮ! ನಿನ್ನ ಮೆದುಳಲ್ಲೂ ಆಯ್ತು, ಅವನ ಮೆದುಳಲ್ಲೂ ಆಯ್ತು!" ಅಣೆಕಟ್ಟಿನಿಂದ ನೀರು ಬಿಟ್ಟ ಹಾಗೆ! ಹಾಗಾದರೆ ಕಾನ್ವೆಂಟಿನಲ್ಲಿ ನಾನು ಬರೆದ ತಾಯಿಪ್ರೀತಿಯ ಪ್ರಬಂಧವೆಲ್ಲ ಸುಳ್ಳೇ?

ಅತ್ತೆಗೆ ಇದೆಲ್ಲ ಸೇರದು. "ಮೂರು ಹೆತ್ತಿವ್ನಿ, ಅದರ ಮೊಕ ಒಂದಿನ ಕಂಡಿಲ್ಲ. ಸುಮ್ಕೆ ಕಾಫಿ ಕುಡೀರಿ."

ಮಗನಿಗೆ ಏಳು ತಿಂಗಳಿದ್ದಾಗ ನನಗೆ ಪಿತ್ತಕೋಶದ ಆಪರೇಷನ್ ಆಯಿತು. ಇತ್ತ ರಾಮನಗರದ ಮನೆಯಲ್ಲಿ ಮಗು ಬಾಟಲಿ ಮುಟ್ಟಲಿಲ್ಲ. ಚನ್ನಪಟ್ಟಣದ ಗಿಲಕಿ ಆಡಿಸಿದರೂ ಅಳು, ಚಮಚ ತಂದರೂ ಅಳು. ಆಸ್ಪತ್ರೆಯ ಮಂಚದಲ್ಲಿ ನನ್ನ ಜೀವ ಅರ್ಧವಾಯಿತು.

ಅಷ್ಟರಲ್ಲಿ ಅತ್ತೆ, ನಾನು ಬಿಚ್ಚಿಟ್ಟು ಬಂದಿದ್ದ ವಾಯಿಲ್ ಸೀರೆಯನ್ನು ನೆನೆಹಾಕಲು ಹೊರಟರಂತೆ. ಮಾವ ಓಡಿ ಬಂದು ಕಿತ್ತುಕೊಂಡರಂತೆ.

"ಒಗೀಬ್ಯಾಡ ಕಣೇ! ವಾಸನೆ ಅದ್ರಲ್ಲೈತೆ!"

"ಬೆವರು ನಾತ ಕಣ್ರೀ ಅದು!"

"ಅದೇ ಬೇಕಾಗಿರೋದು!"

ಆಮೇಲೆ ನನ್ನ ಯಜಮಾನರು ಫೋನಿಗೆ ಕಳಿಸಿದ ವಿಡಿಯೋ ನೋಡಬೇಕಿತ್ತು! ಪಂಚೆ, ಬನಿಯನ್ನು, ಮೇಲೆ ನನ್ನ ಸೀರೆ ಹೊದ್ದು ಮೀಸೆ ಸಮೇತ ಕುಳಿತಿದ್ದಾರೆ ಮಾವ. ಮಗು ಸೆರಗಿಗೆ ಮೂಗು ಒತ್ತಿಕೊಂಡು ಬಾಟಲಿ ಎಳೆಯುತ್ತಿದೆ, ಗಟಗಟ! ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಎದುರುಮನೆಯಾಕೆ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಮುಡಿಯಾಕೆ ಒಸಿ ಹೂವ ತರ್ಲಾ?" ಎನ್ನುವುದೂ ಕೇಳಿಸುತ್ತದೆ. ನಕ್ಕು ನಕ್ಕು ಹೊಲಿಗೆ ನೋಯಿತು. ನಮ್ಮ ಬೀದಿಯಲ್ಲಿ ಮೂರು ಹೊತ್ತೂ ರೇಷ್ಮೆಗೂಡು ಬೇಯಿಸುವ ಗಬ್ಬು. ಅದರ ನಡುವೆ ಆ ಪುಟ್ಟ ಮೂಗು ನನ್ನನ್ನು ಹುಡುಕಿಕೊಂಡಿತಲ್ಲ!

ಮನೆಗೆ ಬಂದೆ. ಮೈಯೆಲ್ಲ ಆಸ್ಪತ್ರೆಯ ವಾಸನೆ. ಮಗ ಯಾರೋ ನೆಂಟರನ್ನು ನೋಡುವಂತೆ ನೋಡಿ ಮುಖ ತಿರುಗಿಸಿಬಿಟ್ಟ. ನನಗೆ ನಿಂತ ನೆಲವೇ ಇಲ್ಲವಾಯಿತು.

ಮಾವ ಸೀರೆ ತಂದು ನನ್ನ ಹೆಗಲಿಗೆ ಹೊದಿಸಿದರು. ಅದರಲ್ಲಿ ಅವರ ನಶ್ಯದ ಘಾಟೂ ಬೆರೆತಿತ್ತು. ಮಗ ಮೂಸಿದ. ತಡೆದ. ಮತ್ತೆ ಮೂಸಿದ. ಎರಡೂ ಕೈ ಚಾಚಿದ.

"ಬಿಡುಗಡೆ ಆಯ್ತಾ ಮಾವ?" ಎಂದೆ, ಕಣ್ಣೊರೆಸಿಕೊಳ್ಳುತ್ತ.

ಸೆರಗಿನ ತುದಿ ಇನ್ನೂ ಅವರ ಬೆರಳಲ್ಲೇ ಇತ್ತು.

"ನಮ್ಮವ್ವ ಹೋದಾಗ ನಾನು ಇವನಷ್ಟೇ ಇದ್ನಂತೆ ಕಣಮ್ಮ," ಎಂದರು ಮೆಲ್ಲಗೆ. "ಅವತ್ತೇ ಎಲ್ಲ ಸೀರೆನೂ ಒಗೆದುಬುಟ್ರಂತೆ."